ಸಂತೋಷ ಎರಡೇ ವಾರಕ್ಕೆ ಆರಿಹೋದರೆ ವಿಶ್ವಾಸವಿಲ್ಲವೆಂದು ಅರ್ಥವೇ?

ಪ್ರಶ್ನೆ: ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಪೀಸ್ ಲೆಕ್ಕದ ಮೇಲೆ ಹೊಲಿಗೆ ಮಾಡುತ್ತೇನೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಇಬ್ಬರು ಮಕ್ಕಳಿದ್ದಾರೆ, ವಾರವಾರ ಕಟ್ಟಬೇಕಾದ ಸಂಘದ ಸಾಲವಿದೆ. ಕಳೆದ ವರ್ಷ ನಮ್ಮ ಚರ್ಚಿನ ಸಭೆಯಲ್ಲಿ ಮೂರು ದಿನ ಉಜ್ಜೀವನ ಕೂಟ (ವಿಶ್ವಾಸಕ್ಕೆ ಹೊಸ ಚೈತನ್ಯ ತುಂಬುವ ಪ್ರಾರ್ಥನಾ ಕೂಟ) ನಡೆದಾಗ ಹಿಂದೆಂದೂ ಕಾಣದ ಸಂತೋಷ ನನಗೆ ಸಿಕ್ಕಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸಭೆಯ ಹಿರಿಯರೊಬ್ಬರು, ‘ಸಂತೋಷ ಇಲ್ಲ ಅಂದ್ರ ವಿಶ್ವಾಸ ಇಲ್ಲ ಅಂತ ಅರ್ಥ. ಯಾವುದೋ ಪಾಪ ಮುಚ್ಚಿಟ್ಟೀ ನೋಡವ್ವ’ ಎಂದರು. ನಾಲ್ಕೈದು ತಿಂಗಳಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಆರಾಧನೆಯಲ್ಲಿ ಹಾಡಲು ಬಾಯಿ ಬರುತ್ತಿಲ್ಲ. ನಿಲ್ಲುವ ಸಂತೋಷ ಎಂಬುದು ನಿಜವಾಗಿಯೂ ಇದೆಯೇ? ದೇವರು ನಿನಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳು ಎಂದು ಸಭೆಯಲ್ಲಿ ಕರೆದರೆ ನಾನು ಏನು ಹೇಳಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ದೇಹದ ಪ್ರಶ್ನೆಯೊಂದು, ಸತ್ಯವೇದದ (ಬೈಬಲಿನ) ಪ್ರಶ್ನೆಯೊಂದು ಹೆಣೆದುಕೊಂಡಿವೆ. ದೇಹದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದನ್ನು ಕೊನೆಗೆ ಇಟ್ಟರೆ ಬೋಧನೆಯ ಬಾಲದಲ್ಲಿ ಕಳೆದುಹೋಗುವ ಅಪಾಯವಿದೆ. ನಾಲ್ಕೈದು ತಿಂಗಳು ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದರೆ ಅದನ್ನು ವಿಶ್ವಾಸದ ಕೊರತೆ ಎಂದು ಕರೆಯುವ ಮುಂಚೆ ವೈದ್ಯರಿಗೆ ತೋರಿಸಬೇಕು. ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಾನಸಿಕ ರೋಗಗಳ ವಿಭಾಗವಿದೆ. ಹೋಗಲು ಸಂಕೋಚವಾದರೆ 14416 ಸಂಖ್ಯೆಗೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆ ಇದು, ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಈ ಉತ್ತರವನ್ನು ಪೂರ್ತಿ ಓದುವುದಕ್ಕೂ ಕಾಯಬೇಡಿ, ಮೊದಲು ಆ ಸಂಖ್ಯೆಗೆ ಕರೆ ಮಾಡಿ. ಮಾತ್ರೆ ತೆಗೆದುಕೊಳ್ಳುವುದು ಪ್ರಾರ್ಥನೆಗೆ ವಿರುದ್ಧವಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಹಿರಿಯರನ್ನು ನಾವು ಯಾರೂ ಅವಿಶ್ವಾಸಿಗಳೆನ್ನುವುದಿಲ್ಲವಲ್ಲ.

ಇದನ್ನು ನಾನು ಸತ್ಯವೇದವನ್ನು ಬದಿಗಿಟ್ಟು ಹೇಳುತ್ತಿಲ್ಲ. ಪ್ರವಾದಿ ಎಲೀಯನನ್ನು ನೆನೆಯಿರಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡವನು ಅವನು. ಅದಕ್ಕಿಂತ ದೊಡ್ಡ ಉಜ್ಜೀವನ ಕೂಟವನ್ನು ನಾವ್ಯಾರೂ ನೋಡಿಲ್ಲ. ಮರು ಅಧ್ಯಾಯದಲ್ಲಿಯೇ ಅವನು ಪ್ರಾಣಭಯದಿಂದ ಓಡಿಹೋಗಿ, ಮರಳುಗಾಡಿನ ಒಂದು ಕುರುಚಲು ಗಿಡದ ಕೆಳಗೆ ಕುಳಿತು (ಊರ ಹೊರಗಿನ ಜಾಲಿ ಗಿಡಗಳನ್ನು ಕಂಡ ನಮ್ಮವರಿಗೆ ಆ ಚಿತ್ರ ತಾನಾಗಿ ಕಣ್ಣಿಗೆ ಕಟ್ಟುತ್ತದೆ) ಸಾವನ್ನು ಬೇಡುತ್ತಾನೆ. ದೇವದೂತನು ಬಂದು ಅವನನ್ನು ಗದರಿಸಲಿಲ್ಲ, ಮುಚ್ಚಿಟ್ಟ ಪಾಪವೇನೆಂದು ವಿಚಾರಿಸಲಿಲ್ಲ. ಮೈ ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎಂದನು. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯನು ತಿಂದು ಮತ್ತೆ ಮಲಗಿದನು. ದೂತನು ಎರಡನೆಯ ಸಲ ಬಂದು, ದಾರಿ ನಿನ್ನ ಶಕ್ತಿಗೆ ಮೀರಿದ್ದು, ಇನ್ನಷ್ಟು ತಿನ್ನು ಎಂದನು. ಅದಾದ ಮೇಲೆ ನಲವತ್ತು ದಿನದ ನಡಿಗೆ, ಆಮೇಲೆ ಹೋರೇಬ್ ಬೆಟ್ಟದಲ್ಲಿ ದೇವರ ಮಾತು. ಊಟ, ನಿದ್ದೆ, ನಡಿಗೆ, ಉಪದೇಶ: ಈ ಕ್ರಮವನ್ನು ನಮ್ಮ ಸಭೆಗಳು ತಲೆಕೆಳಗು ಮಾಡಿಕೊಂಡಿವೆ ಎಂಬುದು ನನ್ನ ಬಹುಕಾಲದ ದೂರು.

ಇನ್ನು ಹಿರಿಯರ ಮಾತು. ‘ಯಾವಾಗಲೂ ಸಂತೋಷಿಸಿರಿ’ ಎಂದು ಅಪೊಸ್ತಲ ಪೌಲನು ಫಿಲಿಪ್ಪಿ ಎಂಬ ಊರಿನ ಸಭೆಗೆ ಬರೆದ ಪತ್ರದ ವಾಕ್ಯವನ್ನೇ ಅವರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದಿ ನೋಡಿ, ಇರುವುದು ನಾಲ್ಕೇ ಅಧ್ಯಾಯ. ಸಂತೋಷ, ಸಂತೋಷಿಸು, ಜೊತೆಗೂಡಿ ಸಂತೋಷಿಸು ಎಂಬ ಮಾತುಗಳು ಅದರ ಗ್ರೀಕ್ ಮೂಲದಲ್ಲಿ 16 ಸಲ ಬರುತ್ತವೆ. ಬರೆದವನು ಬೇಡಿ ಹಾಕಿಸಿಕೊಂಡು ಸೆರೆಮನೆಯಲ್ಲಿದ್ದನು. ಇಷ್ಟನ್ನು ಎಲ್ಲ ಬೋಧಕರೂ ಹೇಳುತ್ತಾರೆ. ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲನು ತನ್ನ ಜೊತೆಗಾರನೊಬ್ಬನು ಸಾಯುವಷ್ಟು ಕಾಯಿಲೆ ಬಿದ್ದಿದ್ದನ್ನು ನೆನೆದು, ಅವನು ಬದುಕಿಕೊಂಡದ್ದರಿಂದ ತನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು ಎನ್ನುವುದನ್ನೂ, ಮೂರನೆಯ ಅಧ್ಯಾಯದಲ್ಲಿ ಅಳುತ್ತಲೇ ಈ ಮಾತು ಬರೆಯುತ್ತಿದ್ದೇನೆ ಎನ್ನುವುದನ್ನೂ ಹೇಳುವವರು ಕಡಿಮೆ. ದುಃಖದ ಮೇಲೆ ದುಃಖ ಎಂದರೆ ಒಂದು ದುಃಖವಂತೂ ಅವನಲ್ಲಿ ಆಗಲೇ ಇತ್ತು ಎಂದಾಯಿತು. ಯಾವಾಗಲೂ ಸಂತೋಷಿಸಿರಿ ಎಂದವನ ಕಣ್ಣಲ್ಲೇ ನೀರಿತ್ತು. ಆದ್ದರಿಂದ ಕಣ್ಣೀರು ಇರುವಲ್ಲಿ ವಿಶ್ವಾಸವಿಲ್ಲ ಎಂಬ ಲೆಕ್ಕವನ್ನು ಒಪ್ಪಿದರೆ ಮೊದಲು ಪೌಲನನ್ನೇ ಸಭೆಯಿಂದ ಹೊರಗೆ ಹಾಕಬೇಕಾಗುತ್ತದೆ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಗೆ ಹೋಗುವಾಗ ಅತ್ತ ಯೇಸುವಿನ ವಿಷಯವಂತೂ ಹೇಳುವುದೇ ಬೇಡ.

ಫಿಲಿಪ್ಪಿಯ ಸಭೆ ಹುಟ್ಟಿದ್ದು ಹೇಗೆಂದು ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದಲ್ಲಿದೆ. ನಿಮ್ಮ ಕಸುಬಿಗೆ ಹತ್ತಿರದ ಸಂಗತಿಯೊಂದು ಅಲ್ಲಿರುವುದರಿಂದ ನೆನಪಿಸುತ್ತೇನೆ. ಆ ಊರಿನ ಮೊದಲ ವಿಶ್ವಾಸಿ ಲುದ್ಯ ಎಂಬ ಹೆಣ್ಣುಮಗಳು, ನೇರಳೆ ಬಣ್ಣದ ಬಟ್ಟೆಯ ವ್ಯಾಪಾರ ಮಾಡುತ್ತಿದ್ದವಳು. ಜೀನ್ಸ್ ಬಟ್ಟೆಯ ನೀಲಿ ಬೆರಳ ಸಂದಿಗೆ ಹತ್ತಿ, ಸೋಪು ಹಾಕಿ ತಿಕ್ಕಿದರೂ ಉಗುರಿನ ಬುಡದಲ್ಲಿ ಉಳಿಯುವುದನ್ನು ಬಲ್ಲ ನಿಮಗೆ ಬಣ್ಣದ ಬಟ್ಟೆಯ ಕಸುಬನ್ನು ನಾನು ವಿವರಿಸಬೇಕಾಗಿಲ್ಲ. ಪೌಲನು ಸಂತೋಷದ ಪತ್ರ ಬರೆದದ್ದು ಪಂಡಿತರಿಗಲ್ಲ, ಲುದ್ಯಳ ಮನೆಯಲ್ಲಿ ಕೂಡುತ್ತಿದ್ದ ಇಂಥ ದುಡಿಯುವ ಜನರಿಗೆ. ಅದೇ ಊರಿನ ಸೆರೆಮನೆಯಲ್ಲಿ ಅವನೂ ಅವನ ಜೊತೆಗಾರ ಸೀಲನೂ ಛಡಿಯೇಟು ತಿಂದು, ಕಾಲಿಗೆ ಕೋಳ ಬಿದ್ದು, ನಡುರಾತ್ರಿ ಹಾಡಿದ್ದರು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಿಲ್ಲುವ ಸಂತೋಷ ಇದೆಯೇ? ಇದೆ ಎಂದೇ ನಾನು ನಂಬುತ್ತೇನೆ. ಆದರೆ ಕೂಟದ ಮೂರನೆಯ ರಾತ್ರಿ ನಿಮಗೆ ಸಿಕ್ಕಿದ್ದೇ ಅದು, ಆಮೇಲೆ ಅದನ್ನು ನೀವು ಕಳೆದುಕೊಂಡಿರಿ ಎಂದು ಎಣಿಸಬೇಡಿ. ಅಲ್ಲಿ ಸಿಕ್ಕಿದ್ದು ಸುಳ್ಳೂ ಅಲ್ಲ. ಸಾವಿರ ಜನ ಒಟ್ಟಿಗೆ ಹಾಡುವಾಗ, ವಾರಗಟ್ಟಲೆ ಒಂಟಿಯಾಗಿ ಹೊತ್ತ ಭಾರವನ್ನು ಯಾರೋ ಪ್ರಾರ್ಥನೆಯಲ್ಲಿ ಹೆಸರಿಟ್ಟು ಹೇಳಿದಾಗ, ಎದೆ ಹಗುರಾಗುವುದು ದೇವರ ದಾನವೇ. ಆದರೆ ಅದು ಭಾವದ ಉಕ್ಕು. ಉಕ್ಕಿದ ಹಾಲು ಇಳಿಯಲೇಬೇಕು, ಇಳಿದ ಮೇಲೂ ಪಾತ್ರೆಯಲ್ಲಿ ಹಾಲು ಇದ್ದೇ ಇರುತ್ತದೆ. ಉಕ್ಕನ್ನೇ ಹಾಲೆಂದುಕೊಂಡವರು ಮುಂದಿನ ಕೂಟ, ಅದರ ಮುಂದಿನ ಕೂಟ ಎಂದು ಹೊಸಪೇಟೆ, ಗಂಗಾವತಿ, ಸಿಂಧನೂರು ಸುತ್ತುವುದನ್ನು ನಾನು ಕಂಡಿದ್ದೇನೆ.

ಪದದ ಮಾತು ಸ್ವಲ್ಪ ಹೇಳುತ್ತೇನೆ, ಇದು ನನಗೆ ಪ್ರಿಯವಾದ ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈಹಚ್ಚಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು, ಅದೂ ನಿಮ್ಮ ಊರಿನಲ್ಲಿಯೇ. ಇಂದು ನಾವು ಓದುವುದು ಆಮೇಲೆ ಪರಿಷ್ಕಾರಗೊಂಡ ಪಾಠ. ನಮ್ಮ ಬೈಬಲಿನ ಸಂತೋಷ ಎಂಬ ಮಾತು ತುಷ್ ಎಂಬ ಧಾತುವಿನಿಂದ ಬಂದದ್ದು. ತುಷ್ಟಿ, ತೃಪ್ತಿ, ಇಷ್ಟು ಸಾಕು ಎನ್ನುವ ನೆಮ್ಮದಿ ಅದರ ಒಳಗಿದೆ. ಗ್ರೀಕ್ ಮೂಲದ ಖಾರಾ ಎಂಬ ಮಾತಾದರೋ ಕೃಪೆ ಎಂಬರ್ಥದ ಖಾರಿಸ್, ಸ್ತೋತ್ರ ಎಂಬರ್ಥದ ಯೂಖರಿಸ್ತಿಯ ಇವುಗಳ ಒಡಹುಟ್ಟು. ಕನ್ನಡದಲ್ಲಿ ಸಂತೋಷ, ಕೃಪೆ, ಸ್ತೋತ್ರ ಬೇರೆ ಬೇರೆ ಮನೆಯ ಮಾತುಗಳು. ಪೌಲನ ಕಿವಿಗೆ ಮೂರೂ ಒಂದೇ ಮನೆಯವು. ಕೇಳದೆ ಸಿಕ್ಕಿದ್ದು ಕೃಪೆ, ಸಿಕ್ಕಿತೆಂದು ಬಾಯಿಬಿಟ್ಟು ಹೇಳುವುದು ಸ್ತೋತ್ರ, ಇವೆರಡರ ನಡುವೆ ಮನಸ್ಸಿನಲ್ಲಿ ಹುಟ್ಟುವುದು ಸಂತೋಷ. ಸಂತೋಷವನ್ನು ನೇರವಾಗಿ ಬೆನ್ನಟ್ಟಿ ಹಿಡಿಯಲು ಹೋದವರಿಗೆ ಅದು ಏಕೆ ಸಿಗುವುದಿಲ್ಲ ಎಂಬುದು ಇದರಿಂದ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ನಮ್ಮ ಸೀಮೆಯಲ್ಲಿ ಸುಖವನ್ನು ತುಂಗಭದ್ರಾ ಜಲಾಶಯದ ಮಟ್ಟದಿಂದ ಅಳೆಯುವ ರೂಢಿಯಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದು ಕಿತ್ತುಹೋದಾಗ, ತುಂಬಿದ ಕೆರೆಯ ನೆಮ್ಮದಿಯಲ್ಲಿದ್ದ ನಾಲ್ಕು ಜಿಲ್ಲೆಯ ರೈತರ ಮುಖ ಬೆಳಗಾಗುವಷ್ಟರಲ್ಲಿ ಬಾಡಿದ್ದನ್ನು ನೋಡಿದವರು ಮರೆಯಲಾರರು. ಗಣಿ ಜೋರಾಗಿದ್ದ ಕಾಲದ ಬಳ್ಳಾರಿಯನ್ನೂ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲಿನ ಬಳ್ಳಾರಿಯನ್ನೂ ನೀವು ಕಂಡಿದ್ದೀರಿ. ನೀರು ಬಂದಾಗ ಹಿಗ್ಗುವುದು, ಹೋದಾಗ ಕುಗ್ಗುವುದು ತಪ್ಪಲ್ಲ. ಹೊಟ್ಟೆ ಇರುವವರಿಗೆಲ್ಲ ಅದು ಇದ್ದದ್ದೇ. ಪೌಲನು ಹೇಳುವುದು ಬೇರೆ. ಸಮೃದ್ಧಿಯಲ್ಲಿ ಇರುವುದನ್ನೂ ಕೊರತೆಯಲ್ಲಿ ಇರುವುದನ್ನೂ ನಾನು ಕಲಿತುಕೊಂಡಿದ್ದೇನೆ ಎನ್ನುತ್ತಾನೆ. ಕಲಿತುಕೊಂಡಿದ್ದೇನೆ ಎಂಬ ಕ್ರಿಯಾಪದದ ಮೇಲೆ ಬೆರಳಿಡಿ. ಅವನಿಗೆ ಅದು ದಮಸ್ಕದ ದಾರಿಯಲ್ಲಿ ಬೆಳಕು ಹೊಡೆದು ಯೇಸುವಿನ ಕಡೆಗೆ ತಿರುಗಿದ ದಿನವೇ ಬಂದುಬಿಡಲಿಲ್ಲ. ವರ್ಷಗಟ್ಟಲೆ ತಿರುಗಿ, ಹಡಗು ಒಡೆದು, ಹಸಿದು, ಏಟು ತಿಂದು ಕಲಿತದ್ದು. ನೀವೇ ಮೊದಲ ದಿನ ಯಂತ್ರದ ಮುಂದೆ ಕುಳಿತಾಗ ಜೇಬಿನ ಹೊಲಿಗೆ ಎಷ್ಟು ಸಲ ಸೊಟ್ಟಗೆ ಹೋಗಿರಲಿಕ್ಕಿಲ್ಲ? ಎರಡು ವಾರದಲ್ಲಿ ಕೈ ಕೂರಲಿಲ್ಲವೆಂದು ನಿಮಗೆ ಹೊಲಿಗೆ ಬಾರದೆಂದು ಯಾರೂ ತೀರ್ಪು ಕೊಡಲಿಲ್ಲ.

ಈ ಸಂತೋಷಕ್ಕೆ ಆಧಾರವೇನು ಎಂದರೆ, ಕ್ರೈಸ್ತ ವಿಶ್ವಾಸವು ಒಂದು ಸಮಾಧಿಯ ಕಡೆಗೆ ಕೈ ತೋರಿಸುತ್ತದೆ. ಶಿಲುಬೆಗೆ ಹಿಂದಿನ ರಾತ್ರಿ ಯೇಸು ಶಿಷ್ಯರಿಗೆ, ನೀವು ಅಳುವಿರಿ, ಗೋಳಾಡುವಿರಿ, ಆದರೆ ನಿಮ್ಮ ದುಃಖವೇ ಸಂತೋಷವಾಗುವುದು, ಆ ಸಂತೋಷವನ್ನು ನಿಮ್ಮಿಂದ ಯಾರೂ ತೆಗೆಯಲಾರರು ಎಂದನು. ಅದಕ್ಕೆ ಕೊಟ್ಟ ಹೋಲಿಕೆ ಹೆರಿಗೆಯ ನೋವಿನದು. ನೋವು ಹೋಗಿ ಅದರ ಜಾಗಕ್ಕೆ ಬೇರೊಂದು ಬರುತ್ತದೆ ಎಂದಲ್ಲ, ಆ ನೋವೇ ಮಗುವನ್ನು ತರುತ್ತದೆ ಎಂದು. ಮೂರನೆಯ ದಿನ ಬೆಳಗಿನ ಜಾವ ಸಮಾಧಿಗೆ ಹೋದ ಹೆಂಗಸರು ಅದು ಬರಿದಾಗಿರುವುದನ್ನು ಕಂಡು ಓಡಿದರು. ಭಯದಿಂದಲೂ ಮಹಾಸಂತೋಷದಿಂದಲೂ ಓಡಿದರು ಎಂದು ಮತ್ತಾಯನು ಬರೆಯುತ್ತಾನೆ. ಪುನರುತ್ಥಾನದ ಮೊದಲ ಸಂತೋಷವೇ ಭಯದ ಜೊತೆ ಸೇರಿಕೊಂಡು ಬಂತು, ಕೈಕಾಲು ನಡುಗುತ್ತಿರುವಾಗಲೇ ಬಂತು. ನಿಮ್ಮ ಯಜಮಾನರನ್ನು ಮಣ್ಣಿಗೆ ಕೊಟ್ಟ ದಿನ ಪಾದ್ರಿಗಳು ಓದಿದ ಪಾಠದ ಹಿಂದಿರುವ ನಿರೀಕ್ಷೆಯೂ ಇದೇ. ಆ ನಿರೀಕ್ಷೆಯ ಮೇಲೆ ನಿಂತವರಿಗೆ ಅಗಲಿಕೆ ನೋಯುವುದಿಲ್ಲ ಎಂದು ನಾನು ಹೇಳಲಾರೆ. ಆ ನೋವಿಗೆ ಕೊನೆಯ ಮಾತಿನ ಹಕ್ಕಿಲ್ಲ ಎಂದಷ್ಟೇ ಹೇಳಬಲ್ಲೆ.

ಸೇವೆಗೆ ಬಂದ ಹೊಸತರಲ್ಲಿ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನೂ ನಿಮ್ಮ ಹಿರಿಯರಂತೆಯೇ ನಡೆದುಕೊಂಡವನು. ಬೆಳೆದ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಮನೆಗೆ ಹೋಗಿ, ಕೂತ ಐದು ನಿಮಿಷಕ್ಕೇ ಬೈಬಲ್ ತೆರೆದು ಅದೇ ಫಿಲಿಪ್ಪಿಯ ವಾಕ್ಯ ಓದಿದೆ. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ‘ಅಯ್ಯನೋರೇ, ಇವತ್ತು ಅಳ್ತೀನ್ರಿ. ಐತಾರ ಬಂದು ಹಾಡ್ತೀನಿ’ ಎಂದರು. ನಾನು ಬೈಬಲ್ ಮುಚ್ಚಿದೆ. ಅಷ್ಟರಲ್ಲಿ ಸಭೆಯ ನಾಲ್ಕು ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಹಿಡಿದುಕೊಂಡು ಬಂದು, ಒಂದು ಮಾತೂ ಆಡದೆ ಅವರ ಪಕ್ಕಕ್ಕೆ ಕುಳಿತರು. ಒಬ್ಬಾಕೆ ರೊಟ್ಟಿ ಮುರಿದು ಅವರ ಕೈಗೆ ಕೊಟ್ಟರು. ಮುಂದಿನ ಭಾನುವಾರ ಆ ತಾಯಿ ಆರಾಧನೆಗೆ ಬಂದರು, ಆದರೆ ಹಾಡಲಿಲ್ಲ. ಅದರ ಮುಂದಿನ ಭಾನುವಾರವೂ ಹಾಡಲಿಲ್ಲ. ಆ ನಾಲ್ವರೇ ಅವರ ಆಚೆ ಈಚೆ ನಿಂತು ಹಾಡುತ್ತಿದ್ದರು. ಎಷ್ಟೋ ವಾರಗಳ ಮೇಲೆ ಒಂದು ದಿನ ಅವರ ತುಟಿ ಅಲುಗಿದ್ದನ್ನು ನಾನು ವೇದಿಕೆಯಿಂದ ಕಂಡೆ. ಹಾಡಲು ಬಾಯಿ ಬರುತ್ತಿಲ್ಲ ಎಂದು ನೀವು ಬರೆದಿದ್ದೀರಿ. ಬಾರದಿರಲಿ. ಹಾಡುವವರ ನಡುವೆ ಹೋಗಿ ನಿಲ್ಲಿ, ಅಷ್ಟು ಸಾಕು. ಸಭೆ ಎನ್ನುವುದು ಇರುವುದೇ ಒಬ್ಬರ ಬಾಯಿ ಕಟ್ಟಿದಾಗ ಇನ್ನೊಬ್ಬರ ಬಾಯಿ ನಡೆಯಲೆಂದು.

ಮನೆಯಲ್ಲಿ ಒಬ್ಬರೇ ಇರುವಾಗ ಏನು ಮಾಡಬೇಕೆಂದು ಕೇಳಿದರೆ, ಸ್ತೋತ್ರಕ್ಕಿಂತ ಮೊದಲು ದೂರನ್ನು ಪ್ರಾರ್ಥನೆಯಾಗಿ ಹೇಳುವುದನ್ನು ಕಲಿಯಿರಿ ಎನ್ನುತ್ತೇನೆ. ಕೀರ್ತನೆ 13 ಆರೇ ವಚನದ್ದು. ಮೊದಲ ಎರಡು ವಚನಗಳಲ್ಲಿಯೇ ಎಷ್ಟರವರೆಗೆ, ಎಷ್ಟರವರೆಗೆ ಎಂದು ನಾಲ್ಕು ಸಲ ದೇವರನ್ನು ಜಗ್ಗಿ ಕೇಳುತ್ತದೆ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೂ ಬೆಳಕಾಗುವುದಿಲ್ಲ. ಅದನ್ನೂ ನಮ್ಮ ಹಿರಿಯರು ಬೈಬಲಿನಿಂದ ಕಿತ್ತುಹಾಕಲಿಲ್ಲ. ಹಬಕ್ಕೂಕನ ಕೊನೆಯ ಮಾತುಗಳು ನಿಮಗೆ ಬಾಯಿಪಾಠ ಇರಬಹುದು: ಅಂಜೂರ ಚಿಗುರದಿದ್ದರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿಯಿಲ್ಲದೆ ಕೊಟ್ಟಿಗೆಯಲ್ಲಿ ದನವಿಲ್ಲದೆ ಹೋದರೂ ನಾನು ಕರ್ತನಲ್ಲಿ ಉಲ್ಲಾಸಪಡುವೆನು ಎಂಬುದು. ಬರ ಕಂಡ ನಮ್ಮ ಜನರಿಗೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ಆದರೆ ಅದಕ್ಕೆ ಒಂದೇ ವಚನ ಹಿಂದೆ ಹೋದರೆ, ತನ್ನ ತುಟಿ ಅದುರುತ್ತದೆ, ಕಾಲು ನಡುಗುತ್ತದೆ ಎಂದು ಅದೇ ಪ್ರವಾದಿ ಹೇಳುತ್ತಿದ್ದಾನೆ. ಪುಸ್ತಕ ಶುರುವಾಗುವುದೋ ಇನ್ನೆಷ್ಟು ಕಾಲ ಮೊರೆಯಿಡಲಿ ಎಂಬ ಜಗಳದಿಂದ. ಮೂರು ಅಧ್ಯಾಯದ ಜಗಳವನ್ನು ಬಿಟ್ಟು ಕೊನೆಯ ಈ ವಚನಗಳನ್ನು ಮಾತ್ರ ಕಿತ್ತುಕೊಂಡರೆ ಅವು ಬೇರಿಲ್ಲದ ಗಿಡದಂತೆ ಬಾಡುತ್ತವೆ.

ದೂರು ಹೇಳಿ ಮುಗಿದ ಮೇಲೆ ಸ್ತೋತ್ರ. ಎಲ್ಲಕ್ಕೂ ಸ್ತೋತ್ರ ಕರ್ತನೇ ಎಂದು ಒಟ್ಟಾರೆಯಾಗಿ ಮುಗಿಸಬೇಡಿ. ಅದು ಬಾಯಿಂದ ಬರುತ್ತದೆ, ಮನಸ್ಸನ್ನು ಮುಟ್ಟುವುದಿಲ್ಲ. ಇವತ್ತು ಸೂಜಿ ಮುರಿಯಲಿಲ್ಲ, ಮಗಳು ಹೇಳದೆಯೇ ನಳದ ನೀರು ತುಂಬಿಟ್ಟಳು, ಪಕ್ಕದ ಯಂತ್ರದಾಕೆ ಅರ್ಧ ಲೋಟ ಚಹಾ ಕೊಟ್ಟಳು ಎಂದು ಒಂದೊಂದನ್ನೇ ಹೆಸರಿಟ್ಟು ಹೇಳಿ. ಎರಡೇ ಸಿಕ್ಕಿದರೆ ಎರಡೇ ಹೇಳಿ. ಒಂದೂ ಸಿಗದ ರಾತ್ರಿ ದೂರಿನ ಕೀರ್ತನೆಯನ್ನೇ ಓದಿ ಮಲಗಿ, ದೇವರು ಲೆಕ್ಕ ಕೇಳುವುದಿಲ್ಲ.

ಗೋಡೆಯ ಕ್ಯಾಲೆಂಡರುಗಳಲ್ಲಿ ನೆಹೆಮೀಯನ ಪುಸ್ತಕದ, ಕರ್ತನ ಆನಂದವೇ ನಿಮ್ಮ ಬಲ ಎಂಬರ್ಥದ ವಾಕ್ಯವನ್ನು ನೀವು ನೋಡಿರುತ್ತೀರಿ. ಆ ವಚನದ ಮೊದಲರ್ಧವನ್ನು ಅಚ್ಚು ಹಾಕುವವರು ಬಿಟ್ಟುಬಿಡುತ್ತಾರೆ. ಅಲ್ಲಿರುವುದು, ಹೋಗಿ ಚೆನ್ನಾಗಿ ಉಣ್ಣಿರಿ, ಏನೂ ಇಲ್ಲದವರಿಗೆ ಒಂದು ಪಾಲು ಕಳುಹಿಸಿರಿ ಎಂದು. ಹಾಗಿರುವಾಗ ನಿಮ್ಮ ಸಂತೋಷದ ಹೊಣೆಯನ್ನು ಪೂರ್ತಿಯಾಗಿ ನಿಮ್ಮ ಎದೆಯ ಮೇಲೇ ಹೇರುವುದು ನ್ಯಾಯವಲ್ಲ. ಆ ಪಾಲು ನಿಮ್ಮ ಮನೆಗೆ ಬಂದಿದೆಯೇ ಎಂದು ನಿಮ್ಮ ಸಭೆಯನ್ನೇ ಕೇಳಬೇಕಾಗುತ್ತದೆ. ಸಂಘದ ಸಾಲದ ಕಂತಿನ ವಿಷಯದಲ್ಲಿ ವಸೂಲಿಗೆ ಬರುವವರು ಬೆದರಿಸುತ್ತಿದ್ದರೆ ಅದನ್ನು ಶಿಲುಬೆಯೆಂದು ಹೊತ್ತುಕೊಳ್ಳಬೇಡಿ. ಅಂಥ ಕಿರುಕುಳವನ್ನು ತಡೆಯಲೆಂದೇ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಹೋಗುವಾಗ ಸಭೆಯ ಇಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹೀಗೆ ಜೊತೆಗೆ ಬರುವುದೂ ಆರಾಧನೆಯ ಭಾಗವೇ ಎಂದು ನಿಮ್ಮ ಪಾದ್ರಿಗಳಿಗೆ ನನ್ನ ಹೆಸರು ಹೇಳಿ ತಿಳಿಸಿದರೂ ಆಯಿತು.

ಮುಚ್ಚಿಟ್ಟ ಪಾಪದ ಮಾತನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಯಾರೊಂದಿಗಾದರೂ ವೈರವಿದ್ದರೆ ಅದು ಸಂತೋಷವನ್ನು ಒಳಗಿಂದ ತಿನ್ನುತ್ತದೆ; ಪೌಲನು ಸಂತೋಷಿಸಿರಿ ಎನ್ನುವ ಮುಂಚೆ ಜಗಳವಾಡಿಕೊಂಡ ಇಬ್ಬರು ಹೆಂಗಸರನ್ನು ಹೆಸರು ಹಿಡಿದು, ಒಂದಾಗಿರೆಂದು ಬೇಡಿಕೊಳ್ಳುತ್ತಾನೆ. ಅಂಥದ್ದೇನಾದರೂ ನೆನಪಿಗೆ ಬಂದರೆ ಸರಿಪಡಿಸಿಕೊಳ್ಳಿ. ನೆನಪಿಗೆ ಬಾರದಿದ್ದರೆ ಹುಡುಕುತ್ತಾ ರಾತ್ರಿ ಕಳೆಯಬೇಡಿ. ನಿದ್ದೆ ನಿಮಗೆ ಈಗಲೇ ಕಡಿಮೆ.

ಉಳಿದದ್ದು ಸಾಕ್ಷಿಯ ಪ್ರಶ್ನೆ. ಕಷ್ಟವಿತ್ತು, ಪ್ರಾರ್ಥಿಸಿದೆ, ಕಷ್ಟ ಹೋಯಿತು ಎಂಬ ಒಂದೇ ಅಚ್ಚಿನಲ್ಲಿ ಸಾಕ್ಷಿಗಳನ್ನು ಎರಕ ಹೊಯ್ಯುವುದು ನಮ್ಮಲ್ಲಿ ರೂಢಿಯಾಗಿದೆ. ಆ ಅಚ್ಚಿಗೆ ಹೊಂದದವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ನಿಮ್ಮನ್ನು ಕರೆದರೆ ಹೋಗಲೇಬೇಕೆಂದಿಲ್ಲ, ಇವತ್ತು ಬೇಡ ಎಂದು ಕೈ ಮುಗಿದರೆ ಯಾವ ಪಾಪವೂ ಇಲ್ಲ. ಹೋಗಬೇಕೆನಿಸಿದರೆ ಇಲ್ಲದ ಸಂತೋಷವನ್ನು ಮುಖಕ್ಕೆ ಬಳಿದುಕೊಂಡು ಹೋಗಬೇಡಿ. ಯಜಮಾನರು ಹೋಗಿ ಎರಡು ವರ್ಷವಾಯಿತು, ನನಗೆ ನಿದ್ದೆ ಬರುತ್ತಿಲ್ಲ, ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ದೇವರನ್ನು ಇನ್ನೂ ಬಿಟ್ಟಿಲ್ಲ, ನನಗಾಗಿ ಪ್ರಾರ್ಥಿಸಿರಿ ಎಂದು ಹೇಳಿ, ಕೀರ್ತನೆ 13ನ್ನು ತೆರೆದು ಗಟ್ಟಿಯಾಗಿ ಓದಿ ಬಂದು ಕುಳಿತುಕೊಳ್ಳಿ. ಓದಲು ಒಂದು ನಿಮಿಷವೂ ಹಿಡಿಯುವುದಿಲ್ಲ.